ಮದ್ದಿನ ಹಿತ್ತಲು

ಮದ್ದಿನ ಹಿತ್ತಲಲ್ಲಿ ಗಿಡವಿಲ್ಲ.

ಗಾದೆ ಉಲ್ಟಾ ಆಯಿತಲ್ಲ ಎಂದು ಹುಬ್ಬೇರಿಸಬೇಡಿ. ಉಲ್ಟಾ ಆದದ್ದು ಗಾದೆಯಲ್ಲ, ಹಿತ್ತಲು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಇಲ್ಲಿ ಗಾದೆಯೇ ಸುಳ್ಳಾಗಿರುವುದರಿಂದ ಕಥೆಯಾದರೂ ನಿಜವಾಗಿರಲೇಬೇಕು. ನಿಜವೇ. ಸುಳ್ಳು ಹೇಳುವವನೊಬ್ಬ ಇದರೊಳಗೆ ಇದ್ದಾನೆ, ಅವನ ಹೆಸರು ಕದಿರೇಶ.

ಮುಳಬಾಗಿಲು ದಾಟಿ ನಂಗಲಿ ಕಡೆಗೆ ಹೊರಟರೆ ಹೈವೇ ಪಕ್ಕದಲ್ಲಿ ಮೂರಂತಸ್ತಿನ ಒಂದು ಆಸ್ಪತ್ರೆ. ಮುಂದೆ ಗಾಜು, ಹಿಂದೆ ಗುಂಡಿ. ಮುಂದಿನಿಂದ ಒಳಗೆ ಹೋದವರಿಗೆ ವಾಸಿಯಾಗುತ್ತಿತ್ತು, ಹಿಂದೆ ಇದ್ದವರಿಗೆ ವಾಸ ಮಾಡಲಾಗುತ್ತಿರಲಿಲ್ಲ. ಕದಿರೇಶ ಅಲ್ಲಿ ವಾರ್ಡ್ ಅಟೆಂಡರ್. ಬಿ.ಎ. ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿ, ಅರ್ಧ ಕಾಲೇಜು ಬಸ್‌ಸ್ಟ್ಯಾಂಡ್ ಸೇರಿದ ಮೇಲೆ ಸಿಕ್ಕಿಬಿದ್ದವನು. ಈಗ ಸಂಬಳ ಒಂದೇ, ಗಂಟಲು ಹನ್ನೆರಡು. ಆಸ್ಪತ್ರೆಯ ಒಡೆಯರಾದ ಡಾಕ್ಟರ್ ಶ್ರೀರಾಮಪ್ಪನವರು ಪ್ರತಿ ಮಾತಿನ ಕೊನೆಗೂ ‘ಏನಂತೀರಿ?’ ಎಂದು ಕೇಳಿ, ಎದುರಿನವರು ಏನಾದರೂ ಅನ್ನುವುದರೊಳಗೆ ಹೊರಟುಬಿಡುತ್ತಿದ್ದರು. ಕದಿರೇಶ ಆ ‘ಏನಂತೀರಿ’ಯನ್ನೂ ಅದರ ಹಿಂದೆಯೇ ದೂರವಾಗುವ ಬೂಟಿನ ಸದ್ದನ್ನೂ ಒಂದೇ ಬಾಯಲ್ಲಿ ಹೊರಡಿಸುತ್ತಿದ್ದ. ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ಲಾರಿ ಡ್ರೈವರುಗಳು ಕೂಡ ನಕ್ಕು, ನಕ್ಕಿದ್ದಕ್ಕೆ ನೋವಾಗಿ ಬೈಯುತ್ತಿದ್ದರು.

ಅವನ ಇನ್ನೊಂದು ಕೆಲಸ ಕಸದ್ದು. ಕಸ ಅಂದರೆ ಮನೆಯ ಕಸವಲ್ಲ. ರಕ್ತದ ಹತ್ತಿ, ಸೂಜಿ, ಗ್ಲೂಕೋಸ್ ಬಾಟಲಿ, ಕೈಗವಸು, ಕೀವು ಒರೆಸಿದ ಬಟ್ಟೆ. ಅದನ್ನೆಲ್ಲ ಹಳದಿ, ಕೆಂಪು ಚೀಲಗಳಿಗೆ ತುಂಬಿ ಮಾಲೂರು ಕಡೆಯ ಕಾರ್ಖಾನೆಯೊಂದರ ವ್ಯಾನಿಗೆ ಕೊಡಬೇಕು. ಅಲ್ಲಿ ಹೊಗೆ ಹೊರಗೆ ಬಾರದ ಒಲೆಯಲ್ಲಿ ಸುಡುತ್ತಾರೆ. ಯಾರೂ ಮೋಸ ಮಾಡಬಾರದೆಂದು ಕೋಲಾರದಿಂದ ಒಂದು ಆ್ಯಪ್ ಬಂದಿತ್ತು. ಪ್ರತಿ ಚೀಲಕ್ಕೂ ಕಪ್ಪು ಗೆರೆಗಳ ಸ್ಟಿಕ್ಕರ್. ಆಸ್ಪತ್ರೆಯ ಫೋನಿಗೆ ಒಂದು ಸಲ ತೋರಿಸಬೇಕು, ವ್ಯಾನಿನವನ ಫೋನಿಗೆ ಇನ್ನೊಂದು ಸಲ. ವ್ಯಾನಿನಲ್ಲಿರುವ ತಕ್ಕಡಿ ತಾನಾಗಿಯೇ ತೂಕ ಕಳಿಸುತ್ತದೆ. ಎಲ್ಲ ಸರಿಯಿದ್ದರೆ ಆಸ್ಪತ್ರೆಯ ಹೆಸರು ಹಸಿರು, ತಪ್ಪಿದರೆ ಕೆಂಪು. ಹಸಿರಾದಾಗ ಫೋನಿನೊಳಗಿನ ಹೆಣ್ಣು ದನಿ, “ಪರಿಸರ ಉಳಿಸಿದ್ದಕ್ಕೆ ಧನ್ಯವಾದಗಳು” ಎನ್ನುತ್ತಿತ್ತು. ಕದಿರೇಶನ ಹನ್ನೆರಡನೆಯ ಗಂಟಲು ಅದೇ.

ಚೆನ್ನಾಗಿಯೇ ಯೋಚಿಸಿ ಮಾಡಿದ್ದರು. ವ್ಯಾನು ಮುಳಬಾಗಿಲು ದಾಟಿ ಈಚೆಗೆ ಬರುವುದಿಲ್ಲ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಮೊದಮೊದಲು ಚೀಲಗಳು ನಾರಿದವು, ಹೆಸರು ಕೆಂಪಾಯಿತು, ಶ್ರೀರಾಮಪ್ಪನವರ ಮುಖವೂ ಕೆಂಪಾಯಿತು. ಆಮೇಲೆ ದಾರಿ ತಾನಾಗಿ ಸಿಕ್ಕಿತು. ಸ್ಟಿಕ್ಕರಿನ ಸುರುಳಿಯನ್ನು ಸ್ಟೋರ್ ರೂಮಿನಲ್ಲಿ ದೇವರ ಪಟದ ಕೆಳಗಿನ ಮೊಳೆಗೆ ನೇತುಹಾಕಿದರು. ಕದಿರೇಶ ದಿನಾ ಬೆಳಗ್ಗೆ ಒಂದೊಂದನ್ನು ಹರಿದು ಫೋನಿಗೆ ತೋರಿಸಿ, ಅದರ ಫೋಟೋ ತೆಗೆದು ವ್ಯಾನಿನವನಿಗೆ ಕಳಿಸುತ್ತಿದ್ದ. ವ್ಯಾನಿನವನು ಮುಳಬಾಗಿಲಿನ ಟೀ ಅಂಗಡಿ ಮುಂದೆ ಕೂತು ಆ ಫೋಟೋವನ್ನು ಸ್ಕ್ಯಾನ್ ಮಾಡಿ, ತಕ್ಕಡಿಯ ಮೇಲೆ ತನ್ನ ವ್ಯಾನಿನ ಜಾಕನ್ನು ಇಡುತ್ತಿದ್ದ. ಹಾಗಾಗಿ ಒಂದು ವರ್ಷದಿಂದ, ಕೋಲಾರದ ಕಂಪ್ಯೂಟರಿನ ಪ್ರಕಾರ, ಆ ಆಸ್ಪತ್ರೆಯ ದಿನದ ಕಸ ಅಂದರೆ ಒಂದು ಜಾಕಿನ ತೂಕ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಜಿಲ್ಲೆಯಲ್ಲೇ ಅಷ್ಟು ಶಿಸ್ತಿನ ಆಸ್ಪತ್ರೆ ಇನ್ನೊಂದಿರಲಿಲ್ಲ.

ನಿಜವಾದ ಚೀಲಗಳು ಹಿಂದಿನ ಗುಂಡಿಗೆ. ಮೇಲೆ ಒಂದಿಷ್ಟು ಡೀಸೆಲ್, ಒಂದು ಕಡ್ಡಿ. ಗೀರುತ್ತಿದ್ದವನೂ ಕದಿರೇಶನೇ.

ಗುಂಡಿಯ ಆಚೆ ಕಾಂಪೌಂಡು. ಕಾಂಪೌಂಡಿನ ಆಚೆ ಮುನಿಗಂಗಮ್ಮನ ಹಿಪ್ಪುನೇರಳೆ ತೋಟ, ಅದರ ನಡುವೆ ರೇಷ್ಮೆಯ ಹುಳುಮನೆ. ಮುನಿಗಂಗಮ್ಮನ ಸೊಸೆ ತ್ರಿವೇಣಿ ಅದೇ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಗೋಡೆಯ ಬಿರುಕಿನಲ್ಲಿ ತೂರಿ ಮನೆಗೆ ಹೋದರೆ ಅತ್ತೆ ಅವಳನ್ನು ಹುಳುಮನೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಸ್ಪಿರಿಟ್ ವಾಸನೆ ಹೋಗುವ ಹಾಗೆ ಮೈ ತೊಳೆದು, ಬಟ್ಟೆ ಬದಲಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಬರಬೇಕು. ರೇಷ್ಮೆಹುಳು ಅಷ್ಟು ನಾಜೂಕು. ಬೀಡಿ ಸೇದಿದವನು ಬಾಗಿಲಲ್ಲಿ ನಿಂತರೂ ಅದಕ್ಕೆ ತಿಳಿಯುತ್ತದೆ. ಅಂಥ ಹುಳುವಿಗೆ ಆಸ್ಪತ್ರೆಯ ಮಸಿ ಕೂತ ಸೊಪ್ಪು ಹಾಕಿದರೆ? ಎರಡು ಬೆಳೆ ಹಾಗೇ ಹೋಗಿತ್ತು. ಸೊಪ್ಪು ಕಚ್ಚಿದ ಹುಳು ತಲೆ ಎತ್ತಿ ಅತ್ತಿತ್ತ ಆಡಿಸಿ, ಹಸಿರು ಕಕ್ಕಿ, ಮುದುರಿಕೊಳ್ಳುತ್ತಿತ್ತು.

ಕದಿರೇಶ ಆ ಮನೆಯಲ್ಲಿ ಮುದ್ದೆ ಉಂಡವನು. ಮುನಿಗಂಗಮ್ಮನನ್ನು ದೊಡ್ಡಮ್ಮ ಎನ್ನುತ್ತಿದ್ದ.

“ಹೋಗೆ ಅಂದ್ರೆ ಹೋಗೋಕೆ ಅದೇನು ನನ್ ಸೊಸೆನೇನ್ಲಾ, ಹೊಗೆ!” ಎಂದಿದ್ದಳು ಅವಳು, ಎರಡನೆಯ ಬೆಳೆಯನ್ನು ತಿಪ್ಪೆಗೆ ಸುರಿದ ದಿನ. “ಇನ್ನು ಹುಳ ಇಳಿಸಲ್ಲಪ್ಪ. ಜೆಸಿಬಿ ಕರೆಸಿ ತೋಟ ಕೀಳಿಸ್ಬಿಡ್ತೀನಿ. ನನ್ ಕೈಯಾರೆ ನೆಟ್ಟಿದ್ದು, ನನ್ ಕಣ್ಣಾರೆ ಹೋಗ್ಲಿ.”

“ತಡಿಯತ್ತೆ, ಆ್ಯಪಲ್ಲಿ ದೂರು ಅಂತ ಒಂದು ಬಟನ್ ಐತೆ, ನಿನ್ ಹೆಸರಲ್ಲಿ ಒತ್ತಿದೀನಿ,” ಎಂದಳು ತ್ರಿವೇಣಿ. “ಅದ್ರಲ್ಲಿ ಎಲ್ಲಾ ಬಾರ್‌ಕೋಡು, ತಪ್ಪಿಸ್ಕೊಳ್ಳೋಕಾಗಲ್ಲ.”

“ಬಾರುಕೋಲಾ? ಹಂಗಾದ್ರೆ ಬೆನ್ ಮೇಲೆ ನಾಲ್ಕು ಬಾರ್ಸಕ್ಕೇಳು ಅವ್ರಿಗೆ.”

ಉತ್ತರ ಬಂದಿತ್ತು. ‘ಸದರಿ ಆಸ್ಪತ್ರೆ ಹಸಿರು ವಲಯದಲ್ಲಿದೆ. ನಿಮ್ಮ ದೂರು ಮುಕ್ತಾಯವಾಗಿದೆ.’ ಅದನ್ನು ಅತ್ತೆಗೆ ಓದಿ ಹೇಳುವ ಧೈರ್ಯವಾಗದೆ ತ್ರಿವೇಣಿ, ಇನ್ನೂ ನೋಡ್ತಾ ಇದ್ದಾರಂತೆ ಎಂದುಬಿಟ್ಟಳು. ಮುನಿಗಂಗಮ್ಮ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗತೊಡಗಿದಳು. ಹಾಲು ಕರೆಯುವಾಗಲೂ ಅದು ಮಡಿಲಲ್ಲೇ.

ಅದನ್ನು ಕಂಡು ಕದಿರೇಶನಿಗೆ ಕನಿಕರವಾಯಿತೋ, ನಾಲಿಗೆ ತುರಿಸಿತೋ, ಎರಡೂ ಇರಬಹುದು. ಈ ಹಿಂದೆ ಗೂಡಿನ ಮಾರುಕಟ್ಟೆಯ ದಲ್ಲಾಳಿಯಾಗಿ, ಬ್ಯಾಂಕಿನ ಮ್ಯಾನೇಜರಾಗಿ ಅವಳಿಗೆ ಫೋನ್ ಮಾಡಿದ್ದ. ಎರಡನೆಯ ಮಾತಿಗೇ, “ಒರೇ ಕದಿರಿಗಾ, ನೀ ಮೂತಿಕಿ!” ಎಂದು ತೆಲುಗಿನಲ್ಲಿ ಮಂಗಳಾರತಿ ಎತ್ತಿದ್ದಳು. ಈ ಸಲವೂ ಬೈಯಲಿ, ಬೈದಾದರೂ ಮನಸ್ಸು ಹಗುರಾಗಲಿ ಎಂದುಕೊಂಡ. ಮಧ್ಯಾಹ್ನ ಊಟವಾದ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ನಿಂತು, ಅವಳಿಗೆ ನಂಬರ್ ಗೊತ್ತಿಲ್ಲದ ತನ್ನ ಎರಡನೆಯ ಸಿಮ್ಮಿನಿಂದ ಕರೆ ಹಚ್ಚಿದ.

“ಹಲೋ. ಯಾರಮ್ಮ, ಮುನಿಗಂಗಮ್ಮನಾ? ನಾವು ಕೋಲಾರ ಆಫೀಸಿಂದ ಮಾತಾಡೋದು. ನಿಮ್ದೊಂದು ದೂರು ಬಂದಿದೆಯಮ್ಮ.”

ಬೈಗುಳಕ್ಕೆ ಒಂದಿಷ್ಟು ಜಾಗ ಬಿಟ್ಟು, ಕೆಮ್ಮಿ, ಮುಂದುವರಿಸಿದ.

“ನೋಡಮ್ಮ, ನಾಳೆಯಿಂದ ವ್ಯಾನು ಅಲ್ಲಿಗೇ ಬರತ್ತೆ. ಗುಂಡಿ ಮುಚ್ಚಿಸೋಕೆ ಆರ್ಡರ್ ಆಗಿದೆ. ಇನ್ನು ಆ ಹಿತ್ತಲಲ್ಲಿ ಒಂದು ಊದುಬತ್ತಿ ಕೂಡ ಹಚ್ಚೋ ಹಾಗಿಲ್ಲ.”

ಬೈಗುಳ ಬರಲಿಲ್ಲ. ಇನ್ನೂ ಗೊತ್ತಾಗಿಲ್ಲವೆಂದು ಕದಿರೇಶನಿಗೆ ಹುರುಪು ಬಂತು. ನಟನಿಗೆ ಚಪ್ಪಾಳೆ ಬೀಳದಿದ್ದರೆ ಇನ್ನೊಂದು ಮಾತು ಸೇರಿಸುತ್ತಾನಲ್ಲ, ಹಾಗೆ ಸೇರಿಸಿದ.

“ಈಗ ಹುಳ ಯಾವ ಜ್ವರದಲ್ಲಿದೆಯಮ್ಮ?”

ಜ್ವರ ಅಂದರೆ ಕಾಯಿಲೆಯಲ್ಲ. ಹುಳು ತಿನ್ನುವುದು ಬಿಟ್ಟು, ತಲೆ ಎತ್ತಿ ಸುಮ್ಮನಿದ್ದು, ಪೊರೆ ಕಳಚುವ ಹೊತ್ತು. ಅಂಥ ನಾಲ್ಕು ಜ್ವರ ಎದ್ದರೆ ಹುಳು ಗೂಡಿಗೆ ಸಿದ್ಧವಾಗುತ್ತ ಬಂತೆಂದು ಲೆಕ್ಕ.

“ಹುಳಾನೇ ಇಲ್ಲ ಸಾಮೀ,” ಎಂದಿತು ಫೋನು. ಆ ದನಿ ಕದಿರೇಶನಿಗೆ ಪರಿಚಯದ್ದಾಗಿರಲಿಲ್ಲ. ಮುನಿಗಂಗಮ್ಮ ಸರ್ಕಾರದ ಜೊತೆ ಮಾತಾಡುವ ದನಿ ಅದು. “ಮನೆ ಖಾಲಿ ಬಿಟ್ಟಿದೀನಿ.”

“ಹಾಗಾದ್ರೆ ಇಳಿಸ್ಕೊಳ್ಳಿ. ಧೈರ್ಯವಾಗಿ ಇಳಿಸ್ಕೊಳ್ಳಿ.”

“ನಿನ್ ಹೊಟ್ಟೆ ತಣ್ಣಗಿರ್ಲಿ ಸಾಮೀ,” ಎಂದು ಅವಳು ಅಳತೊಡಗಿದಾಗ ಅವನು ಫೋನ್ ಇಟ್ಟುಬಿಟ್ಟ.

ಸಂಜೆ ಹೋಗಿ ಹೇಳಿದರಾಯಿತು, ಕಾಲಿಗೆ ಬಿದ್ದರಾಯಿತು. ಸಂಜೆಯವರೆಗೆ ಅವಳೇ ಕಾಯಲಿಲ್ಲ. ಗೋಡೆಯ ಬಿರುಕಿನಿಂದ ಬಂದು, ವಾರ್ಡಿನ ಬಾಗಿಲಲ್ಲೇ ಸ್ಟೀಲ್ ಡಬ್ಬಿ ತೆಗೆದು, ಬಿಸಿ ಒಬ್ಬಟ್ಟನ್ನು ಅವನ ಬಾಯಿಗೇ ತುರುಕಿದಳು.

“ತಿನ್ನಲಾ. ಆ ಸಾಹೇಬ್ರು ಎದುರಿಗೆ ಸಿಕ್ಕಿದ್ರೆ ಅವ್ರಿಗೇ ತಿನ್ನಿಸ್ತಿದ್ದೆ. ಅವ್ರು ಸಿಕ್ತಾರಾ? ನೀನಾದ್ರೂ ತಿನ್ನು.”

“ದೊಡ್ಡಮ್ಮ, ಒಂದ್ ಮಾತು—”

“ಚಾಕಿ ಸೆಂಟರ್‌ಗೆ ಹೇಳ್ಬಿಟ್ಟೆ ಕಣೋ. ನಾಳೆ ಬೆಳಗ್ಗೆನೇ ಮರಿಹುಳ ಬರ್ತವೆ. ಶ್ಯಾಮಲಮ್ಮನ ಮನೆಯಿಂದ ಚಂದ್ರಿಕೆನೂ ಇಸ್ಕೊಂಡಿದೀನಿ.” ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. “ನಿನ್ ಮಾತು ಆಮೇಲೆ ಹೇಳು, ತಿನ್ನು.”

ಹನ್ನೆರಡು ಗಂಟಲಲ್ಲೂ ಒಬ್ಬಟ್ಟು ಸಿಕ್ಕಿಕೊಂಡಿತು. ಹಿಂದೆ ನಿಂತಿದ್ದ ತ್ರಿವೇಣಿ ಆ ನಂಬರನ್ನು ‘ಕೋಲಾರ ಸಾಹೇಬ್ರು’ ಎಂದು ಸೇವ್ ಮಾಡುತ್ತಿದ್ದಳು. ದೂರು ಮುಕ್ತಾಯವಾಗಿದೆ ಎಂದು ಬಂದದ್ದು ಯಾಕೆ, ಈಗ ಕರೆ ಬಂದದ್ದು ಹೇಗೆ ಎಂದು ಅವಳೂ ಕೇಳಲಿಲ್ಲ. ಬೇಕಾದ ಸುದ್ದಿಯನ್ನು ಯಾರು ತಿರುಗಿಸಿ ನೋಡುತ್ತಾರೆ?

ಮಾರನೆಯ ದಿನ ಬೆಳಗ್ಗೆ ಕದಿರೇಶ ಚೀಲಗಳನ್ನು ಗುಂಡಿಗೆ ಹಾಕಲಿಲ್ಲ. ಒಂದರೊಳಗೊಂದು ಕಟ್ಟಿ, ತನ್ನ ಟಿವಿಎಸ್ ಗಾಡಿಯ ಹಿಂದೆ ಮುಂದೆ ಹೇರಿ, ಮೇಲೆ ಗೋಣಿ ಹೊದಿಸಿ ಮುಳಬಾಗಿಲಿಗೆ ಹೊರಟ. ಟೊಮೆಟೊ ಲಾರಿಗಳ ನಡುವೆ ಅವನೊಬ್ಬ, ಯಾರೂ ಕೊಳ್ಳದ ಸರಕಿನ ವ್ಯಾಪಾರಿ.

ವ್ಯಾನಿನವನು ಟೀ ಲೋಟ ಕೆಳಗಿಟ್ಟ. “ಏನ್ರೀ ಇದು?”

“ಕಸ.”

“ಕಸ ಗೊತ್ತಾಯ್ತು. ಇಲ್ಲಿಗ್ಯಾಕೆ ತಂದ್ರಿ?”

“ಇದು ಕಸದ ವ್ಯಾನಲ್ವಾ?”

ವ್ಯಾನಿನವನು ತನ್ನ ವ್ಯಾನನ್ನೇ ಒಮ್ಮೆ ತಿರುಗಿ ನೋಡಿದ, ಹೌದೋ ಅಲ್ಲವೋ ಎಂಬಂತೆ. ಆಮೇಲೆ ತಕ್ಕಡಿಯ ಮೇಲಿದ್ದ ಜಾಕನ್ನು ತೆಗೆದು ಪಕ್ಕಕ್ಕಿಟ್ಟ.

ಹಾಗೆ ದಿನವೂ ನಡೆಯಿತು. ಆಡಿದ ಸುಳ್ಳನ್ನು ಕದಿರೇಶ ಬೆನ್ನ ಮೇಲೆ ಹೊತ್ತು ನಿಜ ಮಾಡುತ್ತಿದ್ದ. ಹಿತ್ತಲಲ್ಲಿ ಹೊಗೆ ನಿಂತಿತು. ಗುಂಡಿಯ ಬೂದಿಯ ಮೇಲೆ ಗರಿಕೆ ಹಣಿಕಿತು. ಹೊಸ ಸೊಪ್ಪು ಒರೆಸಿದ ಹಾಗೆ ಹೊಳೆಯಿತು. ಹುಳು ಮೂರನೆಯ ಜ್ವರ ಎದ್ದಿತು. ನಾಲ್ಕನೆಯ ಜ್ವರಕ್ಕೆ ಹೋದಾಗ ಮುನಿಗಂಗಮ್ಮ ಸುಣ್ಣದ ಪುಡಿ ಎರಚಿ, ತಾನೂ ಉಣ್ಣದೆ ಕೂತಳು. ಅದೂ ಎದ್ದಿತು. ಎದ್ದ ಹುಳುವಿನ ಹಸಿವು ಕೇಳಬೇಡಿ. ಕೊಂಬೆ ಹಾಕಿ ತಿರುಗುವುದರೊಳಗೆ ಕಡ್ಡಿ ಮಾತ್ರ.

“ಬಾ, ನೀನೂ ನೋಡು,” ಎಂದು ಒಂದು ದಿನ ಅವನ ಕಾಲು ತೊಳೆಸಿ ಒಳಗೆ ಕರೆದಳು. “ಮಾತಾಡ್ಬೇಡ ಇಲ್ಲಿ. ನಿನ್ ವೇಷ ಎಲ್ಲಾ ಹೊರಗಡೆ.”

ಅವನು ತಟ್ಟೆಗಳ ಮೇಲೆ ಬಾಗಿ ನೋಡಿದ. ಇನ್ನು ನಾಲ್ಕೈದು ದಿನ, ಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟುವಷ್ಟು ಬಲಿತು, ಚಂದ್ರಿಕೆ ಏರಿಬಿಟ್ಟರೆ ಆಯಿತು; ಆಮೇಲೆ ಹೇಳಿದರೂ ಬೈದು ನಕ್ಕುಬಿಡುತ್ತಾಳೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಅವನ ಲೆಕ್ಕಕ್ಕೆ ಮೊದಲು ಕೋಲಾರದ ಕಂಪ್ಯೂಟರಿನ ಲೆಕ್ಕ ಮುಗಿಯಿತು. ಒಂದು ವರ್ಷ ಜಾಕಿನಷ್ಟೇ ತೂಗಿದ ಆಸ್ಪತ್ರೆ ಈಗ ಇದ್ದಕ್ಕಿದ್ದಂತೆ ಹತ್ತು ಜಾಕಿನಷ್ಟು ತೂಗುತ್ತಿತ್ತು. ಹೆಸರು ಕೆಂಪಾಯಿತು. ‘ಕಸದ ಪ್ರಮಾಣದಲ್ಲಿ ಅಸಹಜ ಏರಿಕೆ. ಕಾರಣ ತಿಳಿಸಿ.’ ಸುಳ್ಳು ಹೇಳುವಾಗ ಧನ್ಯವಾದ ಹೇಳಿದ ಯಂತ್ರ, ನಿಜ ಹೇಳಿದಾಗ ಕಾರಣ ಕೇಳಿತು.

ಡಾಕ್ಟರ್ ಶ್ರೀರಾಮಪ್ಪನವರು ಅವನನ್ನು ಕೋಣೆಗೆ ಕರೆಸಿದರು.

“ಏನಯ್ಯ ಇದು? ಜಿಲ್ಲೆಗೆ ಫಸ್ಟ್ ಇದ್ವಿ. ಹಸಿರು ಆಸ್ಪತ್ರೆ ಅಂತ ಪ್ರಶಸ್ತಿ ಕೊಡೋರಿದ್ರು. ಯಾರು ಹೇಳಿದ್ರು ನಿಂಗೆ ಕಸ ಎಲ್ಲಾ ಹೊತ್ಕೊಂಡು ಹೋಗು ಅಂತ?”

“ಸರ್, ಹಿಂದ್ಗಡೆ ಹುಳ ಸಾಯ್ತಾವೆ ಸರ್.”

“ಪೇಷೆಂಟ್ ಸಾಯ್ದಿರೋ ಹಂಗೆ ನೋಡ್ಕೊಳ್ಳೋದೇ ಕಷ್ಟ ಆಗಿದೆ ನಂಗೆ. ಹಳೇ ತರಾನೇ ಮಾಡು.”

“ನಾಲ್ಕೇ ದಿನ ಸರ್. ಹುಳ ಹಣ್ಣಾಗೋವರ್ಗೂ.”

“ಹಣ್ಣು? ಯಾವ ಹಣ್ಣು?” ಎಂದು ಒಂದು ಕ್ಷಣ ನೋಡಿ, “ಇವತ್ತಿಂದ ಹಳೇ ತರಾನೇ. ಏನಂತೀರಿ?” ಎಂದವರೇ ಹೊರಟರು. ದೂರವಾಗುವ ಬೂಟಿನ ಸದ್ದು ಆ ದಿನ ಮಿಮಿಕ್ರಿಯಾಗಿರಲಿಲ್ಲ.

ವ್ಯಾನಿನವನೂ ಕೈ ಮುಗಿದ. ಅವನಿಗೂ ನೋಟಿಸ್ ಬಂದಿತ್ತು. ತಕ್ಕಡಿಯ ಮೇಲೆ ಜಾಕು ಮತ್ತೆ ಕೂತಿತ್ತು.

ಕದಿರೇಶ ಸ್ಟಿಕ್ಕರ್ ಸುರುಳಿಯನ್ನು ಮೊದಲಿನಂತೆ ಹರಿದು ತೋರಿಸತೊಡಗಿದ. ಆದರೆ ಕಡ್ಡಿ ಗೀರಲಿಲ್ಲ. ಚೀಲಗಳನ್ನು ಜನರೇಟರ್ ಶೆಡ್ಡಿನೊಳಗೆ ಒಂದರ ಮೇಲೊಂದು ಒಟ್ಟಿದ. ನಾಲ್ಕೇ ದಿನ ತಾನೆ. ಮೂರನೆಯ ದಿನಕ್ಕೆ ವಾಸನೆ ಹೆರಿಗೆ ವಾರ್ಡಿಗೆ ಮುಟ್ಟಿತು. ಬಾಣಂತಿಯ ಕಡೆಯವರು ಗಲಾಟೆ ಮಾಡಿದರು. ಕದಿರೇಶ ರೋಗಿಯೊಬ್ಬನ ಜೊತೆ ಆ್ಯಂಬುಲೆನ್ಸಿನಲ್ಲಿ ಕೋಲಾರಕ್ಕೆ ಹೋಗಿದ್ದ ಹೊತ್ತಿಗೆ, ವಾಚ್‌ಮನ್ ಶೆಡ್ಡನ್ನೆಲ್ಲ ಖಾಲಿ ಮಾಡಿ ಗುಂಡಿಗೆ ಸುರಿದು, ಕ್ಯಾನು ಡೀಸೆಲ್ ಬಗ್ಗಿಸಿದ. ದಿನಾ ಇಷ್ಟಿಷ್ಟೇ ಸುಟ್ಟಿದ್ದರೆ ಇಷ್ಟಿಷ್ಟೇ ಹೊಗೆ. ಈಗ ಮೂರು ದಿನದ ಕರುಣೆ ಒಟ್ಟಿಗೆ ಉರಿಯಿತು.

ವಾಪಸು ಬರುವಾಗ ಬೈರಕೂರು ದಾಟುವ ಮೊದಲೇ ಅವನಿಗೆ ಕಂಡಿತು, ಆಕಾಶಕ್ಕೆ ನೆಟ್ಟ ಕರಿ ಕಂಬ. ಗಾಳಿ ಅದನ್ನು ಬಗ್ಗಿಸಿ ತೋಟದ ಮೇಲೆ ಮಲಗಿಸಿತ್ತು.

ತ್ರಿವೇಣಿ ಡ್ಯೂಟಿ ಬಿಟ್ಟು ಓಡಿ, ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದ್ದಳು. ಕಿಟಕಿ ಮುಚ್ಚಬಹುದು, ತೋಟ ಮುಚ್ಚಲಾಗುತ್ತದೆಯೇ? ಹಣ್ಣಾಗುವ ಮೊದಲಿನ ಹುಳು, ಹಸಿವಿನ ಮುದ್ದೆ. ಇರುವ ಸೊಪ್ಪಿನ ಮೇಲೆಲ್ಲ ಜಿಡ್ಡು ಮಸಿ. ಕೊಳ್ಳೋಣವೆಂದರೆ ಸುತ್ತಮುತ್ತ ಎಲ್ಲರ ಹುಳುವೂ ಅದೇ ಹಸಿವಿನಲ್ಲಿತ್ತು. ಅತ್ತೆ ಸೊಸೆ ಡ್ರಮ್ಮಿನಲ್ಲಿ ಎಲೆ ಅದ್ದಿ, ಒಂದೊಂದನ್ನೇ ಸೆರಗಿನಿಂದ ಒರೆಸಿದರು. ಕದಿರೇಶನೂ ಕೂತು ಒರೆಸಿದ. ಎಲೆ ಒರೆಸಿದಷ್ಟೂ ಬಟ್ಟೆ ಕಪ್ಪಾಯಿತು, ಎಲೆ ಮಾತ್ರ ಎಲೆಯಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹುಳುಗಳು ತಲೆ ಎತ್ತಿದವು. ಐದನೆಯ ಜ್ವರ ಎಂಬುದು ಇಲ್ಲ. ತಲೆ ಅತ್ತಿತ್ತ ಆಡಿಸಿ, ಹಸಿರು ಕಕ್ಕಿದವು. ತಟ್ಟೆ ತಟ್ಟೆಗೂ ಹಸಿರು.

ಮುನಿಗಂಗಮ್ಮ ಖಾಲಿ ಚಂದ್ರಿಕೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕದಿರೇಶ ಬಾಗಿಲ ಹತ್ತಿರ ನಿಂತಿದ್ದ. ಕಾಲು ತೊಳೆಯದೆ ಬಂದಿದ್ದ. ತೊಳಿ ಎಂದು ಅವಳೂ ಹೇಳಿರಲಿಲ್ಲ.

“ಆ ಸಾಹೇಬ್ರಿಗೆ ಫೋನ್ ಹಚ್ಚೇ ತ್ರಿವೇಣಿ,” ಎಂದಳು. “ಬೈಯೋಕಲ್ಲ. ಒಳ್ಳೆ ಮನುಷ್ಯ, ಪಾಪ. ಹಿಂಗಾಯ್ತು ಅಂತ ಒಂದ್ ಮಾತು ಹೇಳ್ಬೇಕು.”

“ದೊಡ್ಡಮ್ಮ,” ಎಂದ ಕದಿರೇಶ. ಅಷ್ಟರಲ್ಲಿ ತ್ರಿವೇಣಿ ಒತ್ತಿಯಾಗಿತ್ತು.

ಅವನ ಎಡ ಜೇಬಿನಲ್ಲಿ ಹುಂಜ ಕೂಗಿತು. ಎರಡನೆಯ ಸಿಮ್ಮಿನ ಫೋನಿಗೆ ಅವನೇ ಕೂಗಿ ತುಂಬಿಸಿದ್ದ ಹುಂಜ. ತ್ರಿವೇಣಿ ಫೋನ್ ಕಟ್ ಮಾಡಿದಳು, ಹುಂಜ ನಿಂತಿತು. ಅವಳು ಅವನ ಮುಖವನ್ನೇ ನೋಡುತ್ತ ಮತ್ತೆ ಒತ್ತಿದಳು. ಹುಂಜ ಮತ್ತೆ ಕೂಗಿತು.

“ಎತ್ತು,” ಎಂದಳು ಮುನಿಗಂಗಮ್ಮ.

ಅವನು ಎತ್ತಿ ಕಿವಿಗಿಟ್ಟುಕೊಂಡ. ತ್ರಿವೇಣಿ ತನ್ನ ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಮೂರು ಮಾರು ದೂರದಲ್ಲಿದ್ದ ಅವನಿಗೆ ಅವಳ ದನಿ ಎರಡು ಸಲ ಕೇಳಿಸಿತು, ಒಮ್ಮೆ ಗಾಳಿಯಲ್ಲಿ, ಒಮ್ಮೆ ಫೋನಿನಲ್ಲಿ.

“ಮಾತಾಡಿ ಸಾಹೇಬ್ರೆ.”

ಕೋಲಾರದ ಗಂಟಲು ಬರಲಿಲ್ಲ. ಡಾಕ್ಟರರದ್ದೂ ಬರಲಿಲ್ಲ. ಬಂದದ್ದು ಯಾರೂ ಕೇಳಿರದ ಒಂದು ದನಿ, ತೆಳ್ಳಗೆ, ಮಗುವಿನ ಹಾಗೆ. “ತಪ್ಪಾಯ್ತು ದೊಡ್ಡಮ್ಮ. ನೀನು ಬೈತೀಯ ಅನ್ಕೊಂಡಿದ್ದೆ. ನೀನು ಬೈಲೇ ಇಲ್ಲ.”

ಆಗ ಅವನ ಬಲ ಜೇಬಿನಲ್ಲಿದ್ದ ಆಸ್ಪತ್ರೆಯ ಫೋನು, ಯಾರೂ ಕರೆಯದೆ ತಾನೇ ಬಾಯಿ ಬಿಟ್ಟಿತು.

“ನಿಮ್ಮ ಆಸ್ಪತ್ರೆ ಹಸಿರು ವಲಯಕ್ಕೆ ಮರಳಿದೆ. ಪರಿಸರ ಉಳಿಸಿದ್ದಕ್ಕೆ ಧನ್ಯವಾದಗಳು.”

“ಇದೂ ನೀನೇನಾ?” ಎಂದಳು ಮುನಿಗಂಗಮ್ಮ.

“ಅಲ್ಲ ದೊಡ್ಡಮ್ಮ. ಇದು ನಿಜ.”

ತ್ರಿವೇಣಿಯ ಬಾಯಿಂದ ಒಂದು ಸದ್ದು ಹೊರಟಿತು, ಅಳುವೋ ನಗುವೋ. ಮುನಿಗಂಗಮ್ಮ ಹಸಿರಾದ ತಟ್ಟೆಗಳನ್ನು ನೋಡಿದಳು, ಅವನ ಎರಡು ಜೇಬುಗಳನ್ನು ನೋಡಿದಳು. ಅವಳ ಭುಜ ಅಲುಗಿತು.

“ಹುಳ ಯಾವ ಜ್ವರದಲ್ಲಿದೆ ಅಂತ ಕೇಳ್ದನಲ್ಲೇ!” ಎಂದಳು ಸೊಸೆಗೆ. “ಆವಾಗ್ಲೇ ಗೊತ್ತಾಗ್ಬೇಕಿತ್ತು ನಂಗೆ. ಯಾವ್ ಆಫೀಸರ್ ಕೇಳ್ತಾನೇ ಅದನ್ನ! ಯಾವ್ ಆಫೀಸರ್ ಕೇಳ್ತಾನೆ!”

ನಗು ಅಲ್ಲಿಂದ ಹತ್ತಿಕೊಂಡಿತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಹುಳುಮನೆಯ ತಗಡಿನಲ್ಲಿ. ತ್ರಿವೇಣಿಯೂ ನಕ್ಕಳು. ಬೈಗುಳ ಕಾದು ನಿಂತಿದ್ದ ಕದಿರೇಶನ ಮುಖವೂ ನಗಲು ಹೋಗಿ ಸೊಟ್ಟಗಾಯಿತು. ಗೋಡೆಯಾಚೆ ಮೂರನೆಯ ಅಂತಸ್ತಿನ ಕಿಟಕಿಗಳಲ್ಲಿ ರೋಗಿಗಳ ಕಡೆಯವರು, ಇಲ್ಲಿ ಮದುವೆಯೇನೋ ಎಂದು ಇಣುಕಿದರು.

“ಜೆಸಿಬಿಯವನಿಗೆ ಫೋನ್ ಹಚ್ಚೇ,” ಎಂದಳು ಮುನಿಗಂಗಮ್ಮ, ಕಣ್ಣೊರೆಸಿಕೊಳ್ಳುತ್ತ, ಉಸಿರು ಸಿಗದೆ. “ನಾಳೆನೇ ಬರ್ಲಿ. ಈ ಸಲ ನಿಜವಾದ್ ನಂಬರ್‌ಗೆ ಹಚ್ಚು.”

ಹೇಳಿ, ಕದಿರೇಶನ ಜೇಬಿನ ಕಡೆ ಕಿವಿಗೊಟ್ಟಳು. ಈ ಸಲ ಹುಂಜ ಕೂಗಲಿಲ್ಲ. ಅದಕ್ಕೆ ಅವಳಿಗೆ ಮತ್ತೂ ನಗು ಬಂತು. ಮೂವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಖಾಲಿ ಚಂದ್ರಿಕೆ ಹಿಡಿದುಕೊಂಡು, ಅವಳೇ ನಕ್ಕಳು.